ಫ್ಲಾರೆನ್ಸಿನ ಮೂರನೇ ಮಹಡಿ: ಪುಟ್ಟ ಬಿ ಅಂಡ್ ಬಿಯಲ್ಲಿ ಉಳಿದ ಅನುಭವ

ಇಟಲಿಯಿಂದ ಬಂದು ಸೂಟ್‌ಕೇಸು ಇನ್ನೂ ಪೂರ್ತಿ ಖಾಲಿಯಾಗಿಲ್ಲ, ಮೈಸೂರಿನ ಸ್ನೇಹಿತರ ಫೋನು ಶುರುವಾಗಿದೆ. ಹೋಟೆಲ್ ಬಿಟ್ಟು ಯಾರದೋ ಮನೆಯಂಥ ಕಡೆ ಇಳಿದುಕೊಂಡಿರಲ್ಲ, ವೀಸಾದವರು ತಕರಾರು ಮಾಡಲಿಲ್ಲವಾ? ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ರಾತ್ರಿ ತಡವಾದರೆ ಬಾಗಿಲು ಯಾರು ತೆಗೆಯುತ್ತಾರೆ? ಎಲ್ಲರಿಗೂ ಒಂದೊಂದು ತುಣುಕು ಹೇಳುವ ಬದಲು ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಮುಂದೆ ಹೋಗುವವರಿಗೆ ನಮ್ಮಷ್ಟು ಗಾಬರಿ ಆಗದಿರಲಿ.

ಹೊರಟವರು ನಾವು ಮೂವರು: ನಮ್ಮವರು, ನಾನು, ಅಮ್ಮ. ಅಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು. ವರ್ಷಗಟ್ಟಲೆ ಮಕ್ಕಳಿಗೆ ಮೈಕೆಲಾಂಜೆಲೊ, ಲಿಯೊನಾರ್ಡೊ ಎಂದು ಹೇಳಿಕೊಟ್ಟು, ಮಾಸಿದ ಕಪ್ಪುಬಿಳುಪು ಚಿತ್ರಗಳನ್ನಷ್ಟೇ ನೋಡಿದವರು. ಮಂಡಿ ಇನ್ನೂ ಕೆಲಸ ಮಾಡುತ್ತಿರುವಾಗಲೇ ಅವರಿಗೆ ಫ್ಲಾರೆನ್ಸ್ ತೋರಿಸಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು.

ಮೊದಲು ನೋಡಿದ್ದು ಹೋಟೆಲುಗಳನ್ನೇ. ಹಳೇ ಊರಿನೊಳಗೆ ಮೂವರಿಗೆ ಒಂದು ಕೋಣೆ ಎಂದರೆ ನಮ್ಮ ಲೆಕ್ಕಕ್ಕೆ ಸಿಗುವ ಮಾತಾಗಿರಲಿಲ್ಲ. ಊರಾಚೆ ಇದ್ದರೆ ಅಮ್ಮನಿಗೆ ಮಧ್ಯಾಹ್ನ ಬಂದು ಮಲಗಲು ಆಗುವುದಿಲ್ಲ. ಹುಡುಕುತ್ತಾ ಹೋದಾಗ ಆರ್ನೊ ನದಿಯ ದಕ್ಷಿಣ ದಡದ ಓಲ್ತ್ರಾರ್ನೊದಲ್ಲಿ, ಸಾಂತೊ ಸ್ಪಿರಿತೊ ಚರ್ಚಿನ ಹತ್ತಿರ, ಒಂದು ಪುಟ್ಟ ಬಿ ಅಂಡ್ ಬಿ, ಅಂದರೆ ಮಲಗಲು ಕೋಣೆ, ಬೆಳಗಿನ ತಿಂಡಿ ಕೊಡುವ ಮನೆ, ಸಿಕ್ಕಿತು. ಬೆರಳೆಣಿಕೆಯ ಕೋಣೆಗಳು, ಅದೇ ಮಹಡಿಯಲ್ಲಿ ಮನೆಯೊಡತಿಯ ವಾಸ. ಮೂರು ಹಾಸಿಗೆಯ ಕೋಣೆಗೆ ಬೆಳಗಿನ ತಿಂಡಿ ಸೇರಿ ರಾತ್ರಿಗೆ 135 ಯೂರೋ. ಯೂರೋ ಆಗ ನೂರು ರೂಪಾಯಿ ದಾಟಿತ್ತು, ಲೆಕ್ಕ ಹಾಕಿಕೊಳ್ಳಿ.

ಬುಕ್ ಮಾಡುವ ಮುಂಚೆ ಒಂದು ಸಂಖ್ಯೆ ನೋಡಲೇಬೇಕು. ಇಟಲಿಯಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವ ಪ್ರತಿ ಮನೆಗೂ ಸಿಐಎನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಇರಬೇಕು. 2025ರ ಜನವರಿಯಿಂದ ಇದು ಕಡ್ಡಾಯ. ಜಾಹೀರಾತಿನಲ್ಲೂ ಇರಬೇಕು, ಕಟ್ಟಡದ ಬಾಗಿಲ ಬಳಿಯೂ ಕಾಣಬೇಕು. ಆ ಸಂಖ್ಯೆ ಇಲ್ಲದ ಮನೆ ಎಷ್ಟೇ ಚೆನ್ನಾಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಬುಕಿಂಗ್ ಕಾಗದ ವೀಸಾ ಕಡತದಲ್ಲಿ ಇಡುವಂಥದ್ದು, ಗಟ್ಟಿಯಾಗಿರಬೇಕು.

ವೀಸಾ ವಿಷಯಕ್ಕೆ ಬರುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಷೆಂಗೆನ್ ವೀಸಾ ನಡೆಯುತ್ತದೆ. ನಾವು ಇಳಿಯುವುದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಾದರೂ ಅರ್ಜಿ ಹಾಕಬೇಕಾದದ್ದು ಇಟಲಿಗೇ, ಯಾಕೆಂದರೆ ಉಳಿಯುವುದು ಅಲ್ಲಿ. ವಿಮಾನ ಎಲ್ಲಿ ಇಳಿಯುತ್ತದೆ ಎಂಬುದಲ್ಲ, ಹೆಚ್ಚು ದಿನ ಎಲ್ಲಿರುತ್ತೀರಿ ಎಂಬುದು ಮುಖ್ಯ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಹದಿನೈದು ದಿನ ಮುಂಚೆ. ಆ ಗಡುವಿನ ಹತ್ತಿರ ಹೋಗಲೇಬೇಡಿ, ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಒಂದು ಸಾಹಸ. ನಾನು ದಿನಾ ಬೆಳಿಗ್ಗೆ ಎದ್ದ ತಕ್ಷಣ ಮೊಬೈಲಿನಲ್ಲಿ ಸ್ಲಾಟ್ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರುವ ಪ್ರಯಾಣ ವಿಮೆ ಬೇಕು, ಅಮ್ಮನ ವಯಸ್ಸಿಗೆ ಅದರ ಕಂತು ನಮ್ಮಿಬ್ಬರದಕ್ಕಿಂತ ಬಹಳ ಜಾಸ್ತಿ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕಾಲೇಜಿನಿಂದ ರಜೆಯ ಪತ್ರ, ಅಮ್ಮನ ಪಿಂಚಣಿ ಕಾಗದ, ಅವರ ಖರ್ಚು ನನ್ನದು ಎಂದು ಬರೆದ ಪತ್ರ, ಎಲ್ಲವನ್ನೂ ಒಂದೊಂದು ಪಾಸ್‌ಪೋರ್ಟಿಗೆ ಪ್ರತ್ಯೇಕವಾಗಿ ಜೋಡಿಸಿದ್ದೆವು.

ಅಷ್ಟಾದರೂ ಕೌಂಟರಿನಲ್ಲಿ ನಿಂತಾಗ ಕೇಳಿದ್ದು ನಾವು ಎಣಿಸಿರದ ಪ್ರಶ್ನೆ. ಬಿ ಅಂಡ್ ಬಿ ಬುಕಿಂಗ್ ಕಾಗದದಲ್ಲಿ ಇದ್ದದ್ದು ನನ್ನ ಹೆಸರು, ಪಕ್ಕದಲ್ಲಿ 'ಮೂವರು ಅತಿಥಿಗಳು' ಎಂದಷ್ಟೇ. ಉಳಿದಿಬ್ಬರು ಎಲ್ಲಿ ಇರುತ್ತಾರೆ ಎಂಬುದಕ್ಕೆ ಪುರಾವೆ ಎಲ್ಲಿ ಎಂದರು. ದೊಡ್ಡ ಹೋಟೆಲಾದರೆ ಇಮೇಲ್ ಹಾಕಿದರೆ ಯಾರೋ ಒಬ್ಬರು ಉತ್ತರಿಸುತ್ತಾರೆ. ಇಲ್ಲಿ ಇರುವವರು ಒಬ್ಬರೇ, ಅಲ್ಲಿ ಆಗ ಬೆಳಗಿನ ಜಾವ. ಅಲ್ಲೇ ಬೆಂಚಿನ ಮೇಲೆ ಕೂತು ಮನೆಯೊಡತಿಗೆ ವಾಟ್ಸಾಪ್ ಮಾಡಿದೆ. ಅವರು ಎದ್ದು ಕಾಫಿ ಕುಡಿಯುವ ಹೊತ್ತಿಗೆ ನೋಡಿರಬೇಕು. ಮೂವರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಬರುವ ಹೋಗುವ ದಿನಾಂಕ, ಮನೆಯ ಸಿಐಎನ್, ತಮ್ಮ ಸಹಿ ಹಾಕಿದ ಪತ್ರವನ್ನು ಸ್ಕ್ಯಾನ್ ಮಾಡಿ ಕಳಿಸಿದರು. ಕೇಂದ್ರ ಮುಚ್ಚುವ ಮುಂಚೆ ಪ್ರಿಂಟ್ ತೆಗೆದು ಕೊಟ್ಟೆವು. ನೀವು ಹೋಗುವವರಾದರೆ ಈ ಪತ್ರವನ್ನು ಬುಕ್ ಮಾಡಿದ ದಿನವೇ ಕೇಳಿ ತರಿಸಿಟ್ಟುಕೊಳ್ಳಿ.

ಇನ್ನೊಂದು ತೊಡಕು ನಮ್ಮ ಕಡೆಯದೇ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಎಷ್ಟೋ ಹಿರಿಯರದು ಹೀಗೇ, ಹೆಸರು ಒಂದೇ, ಇನಿಷಿಯಲ್ಲು ಮಾತ್ರ. ವಿಮಾನದ ಟಿಕೆಟ್ಟಿನಲ್ಲಿ ಹೆಸರನ್ನೇ ಎರಡು ಸಲ ಹಾಕಿದ್ದರು, ವಿಮೆಯಲ್ಲಿ ಒಂದೇ ಸಲ, ಬುಕಿಂಗಿನಲ್ಲಿ ಅಪ್ಪನ ಹೆಸರು ಸೇರಿತ್ತು. ಮೂರು ಕಾಗದದಲ್ಲಿ ಮೂರು ರೀತಿ. ವಿಮೆ ಮತ್ತು ಬುಕಿಂಗ್ ಎರಡನ್ನೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ತಿದ್ದಿಸಿ, ಒಂದು ವಿವರಣೆ ಪತ್ರವನ್ನೂ ಸೇರಿಸಿದೆವು. ವೀಸಾ ಬಂತು, ಆದರೆ ಬರುವವರೆಗೆ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ನಿಯಮದ ಪ್ರಕಾರ ಹದಿನೈದು ದಿನ, ವಿಶೇಷ ಪರಿಶೀಲನೆ ಬೇಕಾದರೆ ನಲವತ್ತೈದರವರೆಗೆ. ಕೊರಿಯರ್ ಹುಡುಗ ಕವರು ಕೊಟ್ಟಾಗ ಅಮ್ಮ ಅದನ್ನು ದೇವರ ಮುಂದೆ ಇಟ್ಟೇ ಒಡೆದರು.

ಅಕ್ಟೋಬರ್ ಕೊನೆಯ ವಾರ ಹೊರಟೆವು. ಫ್ರಾಂಕ್‌ಫರ್ಟಿನಲ್ಲಿ ಮುದ್ರೆ ಬಿತ್ತು, ಅಲ್ಲಿಂದ ಫ್ಲಾರೆನ್ಸಿಗೆ ಚಿಕ್ಕ ವಿಮಾನ. ಸಂಜೆ ಆರಕ್ಕೆ ಇಳಿದು, ಎಂಟರೊಳಗೆ ಮನೆ ಸೇರುವ ಲೆಕ್ಕ. ಮನೆಯೊಡತಿ ಮೊದಲೇ ಬರೆದಿದ್ದರು: ಒಂಬತ್ತರ ನಂತರ ಬಂದರೆ ಮುಂಚೆ ತಿಳಿಸಿ, 30 ಯೂರೋ ಹೆಚ್ಚುವರಿ. ನಮಗೆ ಅದು ಬೇಕಾಗುವುದಿಲ್ಲ ಅಂದುಕೊಂಡಿದ್ದೆವು.

ಫ್ಲಾರೆನ್ಸಿನ ಪೆರೆತೊಲಾ ವಿಮಾನ ನಿಲ್ದಾಣದ ರನ್‌ವೇ ಚಿಕ್ಕದು, ಉತ್ತರಕ್ಕೆ ಮೊಂತೆ ಮೊರೆಲ್ಲೊ ಬೆಟ್ಟ. ಗಾಳಿ ಸ್ವಲ್ಪ ಎದುರಾಡಿದರೂ ವಿಮಾನಗಳನ್ನು ಪೀಸಾಕ್ಕೋ ಬೊಲೊನ್ಯಾಕ್ಕೋ ತಿರುಗಿಸುತ್ತಾರೆ. ಆವತ್ತು ಹಾಗೇ ಆಯಿತು. ಊರಿನ ದೀಪಗಳು ಕಾಣುವಷ್ಟು ಕೆಳಗೆ ಬಂದು, ಮತ್ತೆ ಮೇಲೇರಿ, ಬೊಲೊನ್ಯಾದಲ್ಲಿ ಇಳಿಸಿದರು. ನಡುವೆ ಅಪೆನ್ನೈನ್ ಬೆಟ್ಟಸಾಲು. ಬಸ್ಸು ಬರುತ್ತದೆ ಎಂದರು. ಲಗೇಜಿಗೆ ಕಾಯುವುದು, ಬಸ್ಸಿಗೆ ಕಾಯುವುದು, ಬಸ್ಸು ತುಂಬಲು ಕಾಯುವುದು. ಅಮ್ಮ ಶಾಲು ಹೊದ್ದು ಸೂಟ್‌ಕೇಸಿನ ಮೇಲೆ ಕೂತಿದ್ದರು. ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ವಿಮಾನ ನಿಲ್ದಾಣದ ವೈಫೈ ಹಿಡಿದು ಮನೆಯೊಡತಿಗೆ ಸಂದೇಶ ಹಾಕಿದೆ. ಉತ್ತರ ಎರಡೇ ನಿಮಿಷದಲ್ಲಿ ಬಂತು: ಗಾಳಿ ನೋಡಿಯೇ ಅನುಮಾನವಾಗಿತ್ತು, ಬನ್ನಿ, ಎಚ್ಚರವಾಗಿರುತ್ತೇನೆ. ಆ ಒಂದು ಸಾಲು ಓದಿದ ಮೇಲೆ ಉಸಿರು ಬಂತು.

ಇಲ್ಲೊಂದು ಮಾತು. ಬಾಗಿಲಿಗೆ ಕೋಡ್ ಇರುವ ಕೀಲಿ ಪೆಟ್ಟಿಗೆ ತಗುಲಿಸಿ ಹೋಗಿಬಿಟ್ಟರೆ ಸಾಲದೇ ಎಂದು ನಮ್ಮವರು ಕೇಳಿದ್ದರು. ಫ್ಲಾರೆನ್ಸಿನ ಹಳೇ ಊರಿನಲ್ಲಿ ಅಂಥ ಪೆಟ್ಟಿಗೆಗಳನ್ನು 2025ರಲ್ಲಿ ನಗರಸಭೆ ನಿಷೇಧಿಸಿದೆ. ಒಂದು ಕಾರಣ ಊರಿನ ಮನೆಗಳೆಲ್ಲ ಪ್ರವಾಸಿಗರ ಪಾಲಾಗುತ್ತಿವೆ ಎಂಬ ಅಲ್ಲಿನವರ ಸಿಟ್ಟು. ಇನ್ನೊಂದು, ಬಂದವರು ಯಾರು ಎಂದು ತಿಳಿಯಬೇಕೆಂಬ ಪೊಲೀಸರ ಪಟ್ಟು. ಹಾಗಾಗಿ ನೀವು ಎಷ್ಟೊತ್ತಿಗೆ ಹೋದರೂ ಆ ಕಡೆ ಒಬ್ಬ ಮನುಷ್ಯ ಕಾಯುತ್ತಾ ಕೂತಿರುತ್ತಾನೆ. ಪುಟ್ಟ ಬಿ ಅಂಡ್ ಬಿಯಲ್ಲಿ ಉಳಿಯುವುದೆಂದರೆ ಮುಖ್ಯವಾಗಿ ಇದೇ. ಮೊಬೈಲಿನಲ್ಲಿ ರೋಮಿಂಗ್ ಹಾಕಿಸಿಕೊಳ್ಳಿ, ತಡವಾಗುವ ಸೂಚನೆ ಸಿಕ್ಕ ಕ್ಷಣವೇ ತಿಳಿಸಿ.

ಬಸ್ಸು ಪೆರೆತೊಲಾ ತಲುಪಿದಾಗ ರಾತ್ರಿ ಹನ್ನೊಂದರ ಮೇಲೆ. ಹಗಲಾದರೆ ಅಲ್ಲಿಂದ ಟಿ2 ಟ್ರ್ಯಾಮ್ ಹಿಡಿದು ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದ ಪಕ್ಕ ಇಳಿಯಬಹುದು, ಅದು ಸುಲಭ, ಅಗ್ಗ. ಅಮ್ಮನ ಸ್ಥಿತಿ ನೋಡಿ ಟ್ಯಾಕ್ಸಿ ಸಾಲಿನಲ್ಲಿ ನಿಂತೆವು. ಡ್ರೈವರ್ ವಿಳಾಸ ನೋಡಿ ಕೇಳಿದ ಮೊದಲ ಪ್ರಶ್ನೆ: ಕೆಂಪೋ, ಕಪ್ಪೋ? ಫ್ಲಾರೆನ್ಸಿನ ಒಂದೇ ಬೀದಿಯಲ್ಲಿ ಎರಡು ಸಾಲು ಮನೆ ಸಂಖ್ಯೆಗಳು. ಅಂಗಡಿ, ಊಟದ ಹೋಟೆಲಿನಂಥ ವ್ಯಾಪಾರದ ಜಾಗಗಳಿಗೆ ಕೆಂಪು, ವಿಳಾಸ ಬರೆಯುವಾಗ ಸಂಖ್ಯೆಯ ಕೊನೆಗೆ 'ಆರ್' ಅಕ್ಷರ. ವಾಸದ ಮನೆಗಳಿಗೆ ನೀಲಿ ಅಥವಾ ಕಪ್ಪು. ಎರಡೂ ತಮ್ಮ ಪಾಡಿಗೆ ಎಣಿಸಿಕೊಂಡು ಹೋಗುತ್ತವೆ, ಕೆಂಪು 28 ಇರುವ ಕಡೆಯಿಂದ ನೀಲಿ 28 ಎಷ್ಟೋ ದೂರ ಇರಬಹುದು. ಬಿ ಅಂಡ್ ಬಿ ವ್ಯಾಪಾರವೋ ಮನೆಯೋ? ನಮಗೆ ತಿಳಿಯಲಿಲ್ಲ. ಡ್ರೈವರ್ ಕೆಂಪಿನ ಮುಂದೆ ಇಳಿಸಿ ಹೋದ. ಅದು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ, ಮುಚ್ಚಿತ್ತು. ಕಲ್ಲು ಚಪ್ಪಡಿಯ ಬೀದಿಯಲ್ಲಿ ಸೂಟ್‌ಕೇಸು ಎಳೆಯುತ್ತಾ, ಆ ಸದ್ದಿಗೆ ನಾವೇ ಹಿಂಜರಿಯುತ್ತಾ, ನೀಲಿ ಸಂಖ್ಯೆ ಹುಡುಕಿಕೊಂಡು ಹೋದೆವು. ಆಮೇಲೆ ಗೊತ್ತಾಯಿತು: ಕಟ್ಟಡದೊಳಗಿನ ಮಹಡಿಯಲ್ಲಿರುವ ಬಿ ಅಂಡ್ ಬಿಗಳಿಗೆ ಮನೆಯ ಸಂಖ್ಯೆಯೇ. ಹಿತ್ತಾಳೆಯ ಗಂಟೆ ಫಲಕದಲ್ಲಿ ಬಿ ಅಂಡ್ ಬಿ ಹೆಸರು ಕಡಲೆಕಾಳಿನಷ್ಟು ಚಿಕ್ಕದಾಗಿತ್ತು. ಬಾಗಿಲ ಬಣ್ಣ, ಪಕ್ಕದ ಅಂಗಡಿ, ಗಂಟೆಯ ಮೇಲಿನ ಹೆಸರು ಇಷ್ಟನ್ನೂ ಮುಂಚೆಯೇ ಫೋಟೊ ಸಮೇತ ಕೇಳಿಟ್ಟುಕೊಳ್ಳಿ.

ಮೂರನೇ ಮಹಡಿ, ಲಿಫ್ಟ್ ಇಲ್ಲ. ಇದು ಗೊತ್ತಿದ್ದೇ ಬುಕ್ ಮಾಡಿದ್ದೆವು, ಅಮ್ಮನೂ ಒಪ್ಪಿದ್ದರು. ಆದರೆ ಆ ಹಳೇ ಮನೆಗಳ ಛಾವಣಿ ಎತ್ತರ, ಹಾಗಾಗಿ ಮೆಟ್ಟಿಲೂ ಹೆಚ್ಚು. ಬೂದು ಬಣ್ಣದ ಪಿಯೆತ್ರಾ ಸೆರೇನಾ ಕಲ್ಲು, ನಡುವೆ ಸವೆದು ಬಟ್ಟಲಾಗಿದೆ. ಮನೆಯೊಡತಿ ಕೆಳಗಿಳಿದು ಬಂದು ಅಮ್ಮನ ಕೈ ಹಿಡಿದುಕೊಂಡರು. ಅವರಿಗೂ ಅರವತ್ತು ದಾಟಿದೆ. ಇಬ್ಬರೂ ಪ್ರತಿ ತಿರುವಿನಲ್ಲೂ ನಿಂತು ನಿಂತು ಹತ್ತಿದರು. 30 ಯೂರೋ ಕೊಡುವಾಗ ನನಗೆ ಕಡಿಮೆಯೇ ಅನ್ನಿಸಿತು. ಮಧ್ಯರಾತ್ರಿವರೆಗೆ ಒಬ್ಬರು ನಮಗಾಗಿ ಎದ್ದಿದ್ದಾರೆ.

ಆ ಹೊತ್ತಿನಲ್ಲೂ ಪಾಸ್‌ಪೋರ್ಟ್ ಕೇಳಿದರು. ಒಬ್ಬೊಬ್ಬರ ಮುಖ ನೋಡಿ, ಫೋಟೊ ನೋಡಿ, ಕಂಪ್ಯೂಟರಿನಲ್ಲಿ ವಿವರ ತುಂಬಿದರು. ಇಟಲಿಯ 1931ರ ಸಾರ್ವಜನಿಕ ಭದ್ರತಾ ಕಾಯಿದೆಯ 109ನೇ ವಿಧಿ ಪ್ರಕಾರ ಕೋಣೆ ಕೊಡುವವರು ಬಂದವರ ವಿವರವನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕು. ಅಮ್ಮನ ಸರದಿ ಬಂದಾಗ ಅಲ್ಲೂ ಸರ್‌ನೇಮಿನ ಜಾಗ ಖಾಲಿ ಬಿಡಲು ಆಗಲಿಲ್ಲ. ಹೆಸರನ್ನೇ ಎರಡೂ ಕಡೆ ಹಾಕಿದರು. ಇಂಥವರು ದಕ್ಷಿಣ ಭಾರತದಿಂದ ಮುಂಚೆಯೂ ಬಂದಿದ್ದರಂತೆ, ಅವರಿಗೆ ಗೊತ್ತಿತ್ತು.

ಈ ನೋಂದಣಿ ನಮಗೂ ಬೇಕಾದದ್ದೇ. ಜರ್ಮನಿಯಂಥ ಬೇರೆ ಷೆಂಗೆನ್ ದೇಶದಲ್ಲಿ ಮೊದಲು ಇಳಿದು ಇಟಲಿಗೆ ಬಂದ ನಮ್ಮಂಥವರು ಎಂಟು ದಿನದೊಳಗೆ ತಾವು ಬಂದಿರುವುದನ್ನು ಪೊಲೀಸರಿಗೆ ತಿಳಿಸಬೇಕು. ದಿಕ್ಯಾರಾತ್ಸಿಯೋನೆ ದಿ ಪ್ರೆಜೆಂತ್ಸಾ ಎಂದು ಅದರ ಹೆಸರು. ಹೋಟೆಲಿನಲ್ಲೋ ಬಿ ಅಂಡ್ ಬಿಯಲ್ಲೋ ಮಾಡಿಸುವ ನೋಂದಣಿಯೇ ಅದಕ್ಕೆ ಸಾಕು, ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಮಗನೋ ಮಗಳೋ ಓದುತ್ತಿರುವ ಮನೆಯಲ್ಲಿ ಉಳಿಯಲು ಹೋಗುವ ತಂದೆತಾಯಿಗಳು ಇದನ್ನು ಗಮನಿಸಲೇಬೇಕು. ಅಲ್ಲಿ ಇದು ತಾನಾಗಿ ಆಗುವುದಿಲ್ಲ. ನೀವೇ ಕ್ವೆಸ್ತೂರಾ ಎಂಬ ಪೊಲೀಸ್ ಕಚೇರಿಗೆ ಹೋಗಬೇಕು, ಮನೆಯವರು ನಲವತ್ತೆಂಟು ಗಂಟೆಯೊಳಗೆ ಅತಿಥಿ ಬಂದ ಮಾಹಿತಿ ಕೊಡಬೇಕು.

ಕೋಣೆ ಸೊಗಸಾಗಿತ್ತು. ಕೆಂಪು ಇಟ್ಟಿಗೆ ನೆಲ, ಮರದ ತೊಲೆ, ಹಸಿರು ಕಿಟಕಿ ಬಾಗಿಲು. ಆದರೆ ಚಳಿ. ಗೋಡೆಯಲ್ಲಿ ಹೀಟರ್ ಇದೆ, ಮುಟ್ಟಿದರೆ ತಣ್ಣಗೆ. ಕೆಟ್ಟಿದೆಯಾ ಎಂದು ಕೇಳಿದ್ದಕ್ಕೆ ಮನೆಯೊಡತಿ ಕ್ಯಾಲೆಂಡರ್ ತೋರಿಸಿದರು. ಇಟಲಿಯನ್ನು ಚಳಿಯ ಲೆಕ್ಕದಲ್ಲಿ ವಲಯಗಳಾಗಿ ವಿಂಗಡಿಸಿದ್ದಾರೆ. ಫ್ಲಾರೆನ್ಸ್ ಇರುವ ಡಿ ವಲಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ ಹನ್ನೆರಡು ಗಂಟೆ ಮಾತ್ರ ಹೀಟಿಂಗ್. ಅದು ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್, ಅವರ ಕೈಯಲ್ಲಿ ಏನೂ ಇಲ್ಲ. ದಪ್ಪ ರಜಾಯಿ, ಅಮ್ಮನಿಗೆ ಬಿಸಿನೀರಿನ ಚೀಲ ಕೊಟ್ಟರು. ಅಕ್ಟೋಬರ್ ಕೊನೆಗೆ ಅಥವಾ ಏಪ್ರಿಲ್ ಕೊನೆಗೆ ಹೋಗುವವರು ಉಣ್ಣೆ ಕಾಲುಚೀಲ, ಥರ್ಮಲ್ ಬಟ್ಟೆ ಇಟ್ಟುಕೊಳ್ಳಿ.

ಹೀಟಿಂಗಿನ ಮಾತು ಮರುದಿನ ತಿಂಡಿ ಹೊತ್ತಿಗೆ ಎಲ್ಲಿಗೋ ಹೋಯಿತು. ಬೀದಿಯ ಗೋಡೆಯಲ್ಲಿ ನಮ್ಮ ತಲೆಗಿಂತ ಮೇಲೆ ಒಂದು ಪುಟ್ಟ ಕಲ್ಲುಫಲಕ ನೋಡಿದ್ದೆವು: 1966ರ ನವೆಂಬರ್ 4ರಂದು ಆರ್ನೊ ನೀರು ಇಲ್ಲಿವರೆಗೆ ಬಂದಿತ್ತು ಎಂದು. ಮನೆಯೊಡತಿ ಆಗ ಪುಟ್ಟ ಹುಡುಗಿ, ಇದೇ ಮನೆಯ ಇದೇ ಕಿಟಕಿಯಲ್ಲಿ ನಿಂತು ನೋಡಿದ್ದಾರೆ. ಚಳಿಗಾಲ ಶುರುವಾಗುತ್ತಿದ್ದ ಸಮಯ, ಮನೆಮನೆಯ ನೆಲಮಾಳಿಗೆಯಲ್ಲಿ ಹೀಟಿಂಗಿನ ಎಣ್ಣೆ ತುಂಬಿಸಿಟ್ಟಿದ್ದರು. ಪ್ರವಾಹ ಆ ತೊಟ್ಟಿಗಳನ್ನೆಲ್ಲ ಒಡೆದು ಕೆಸರಿನ ಜೊತೆ ಕಪ್ಪು ಎಣ್ಣೆ ಬೆರೆಸಿತು. ನೀರು ಇಳಿದ ಮೇಲೂ ಗೋಡೆಯ ಆ ಗೆರೆ, ಆ ವಾಸನೆ ಹೋಗಲು ವರ್ಷಗಳೇ ಬೇಕಾದವು ಎಂದರು. ಸಾಂತಾ ಕ್ರೋಚೆ ಚರ್ಚಿನಲ್ಲಿ ಹಳೇ ಕಾಲದ ಚಿತ್ರಕಾರ ಚಿಮಾಬುವೆ ಚಿತ್ರಿಸಿದ ಶಿಲುಬೆ ಹಾಳಾದದ್ದು, ಲೋಕದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬಂದು ಕೆಸರಿನಿಂದ ಪುಸ್ತಕ, ಚಿತ್ರ ಎತ್ತಿದ್ದು, ಎಲ್ಲ ಹೇಳಿದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರದೂ ಹಾಗೇ. ಚಿಮಾಬುವೆ ಎಂಬ ಹೆಸರು ಬಂದ ಕೂಡಲೇ ಅಮ್ಮ ತಮ್ಮ ಹಳೇ ನೋಟ್‌ಬುಕ್ಕಿನಲ್ಲಿದ್ದ ಆ ಶಿಲುಬೆಯ ಆಕಾರವನ್ನು ಕಾಗದದ ಕರವಸ್ತ್ರದ ಮೇಲೆ ಪೆನ್ಸಿಲಿನಲ್ಲಿ ಗೀಚಿ ತೋರಿಸಿದರು. ಆಮೇಲೆ ಅವರಿಬ್ಬರಿಗೆ ನಾವು ಬೇಕಾಗಲಿಲ್ಲ.

ತಿಂಡಿಯ ವಿಷಯ ವಿವರವಾಗಿ ಹೇಳಬೇಕು, ಸಸ್ಯಾಹಾರಿಗಳು ಕೇಳುವುದು ಅದನ್ನೇ. ಅಲ್ಲಿನ ಬೆಳಗಿನ ತಿಂಡಿ ಸಿಹಿ: ಕೊರ್ನೆತ್ತೊ ಎಂಬ ಸುರುಳಿ ಬನ್ನು, ರಸ್ಕಿನಂಥ ಬಿಸ್ಕತ್ತು, ಜಾಮ್, ಹಣ್ಣು, ಮೊಸರು, ಕಪುಚಿನೊ. ಬ್ರೆಡ್ಡಿಗೆ ಉಪ್ಪೇ ಇಲ್ಲ, ತೊಸ್ಕಾನದ ಬ್ರೆಡ್ ಮೊದಲಿನಿಂದಲೂ ಹಾಗೇ. ನಾವು ತೆಗೆದುಕೊಂಡು ಹೋದ ಚಟ್ನಿಪುಡಿ ಆಲಿವ್ ಎಣ್ಣೆಯಲ್ಲಿ ಕಲಸಿ ಅದಕ್ಕೆ ಹಚ್ಚಿದರೆ ಬಹಳ ಚೆನ್ನಾಗಿತ್ತು, ಮನೆಯೊಡತಿಯೂ ಕೇಳಿ ಹಾಕಿಸಿಕೊಂಡರು. ಕೆಲವು ಬ್ರೆಡ್ಡು, ಬನ್ನುಗಳಲ್ಲಿ ಸ್ತ್ರುತ್ತೊ ಎಂಬ ಹಂದಿ ಕೊಬ್ಬು ಇರುತ್ತದೆ, ಕೇಳಿ ತಿನ್ನಿ. ಪರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ಅದನ್ನು ಬಿಡಬೇಕಾಗುತ್ತದೆ. ಬೀದಿ ಗಾಡಿಗಳ ಲಾಂಪ್ರೆದೊತ್ತೊ ಸ್ಯಾಂಡ್‌ವಿಚ್ ದನದ ಹೊಟ್ಟೆಯದು. ಮಧ್ಯಾಹ್ನಕ್ಕೆ ಪಪ್ಪಾ ಅಲ್ ಪೊಮೊದೊರೊ, ರಿಬೊಲ್ಲಿತಾ ಎರಡೂ ಹಳೇ ಬ್ರೆಡ್ಡು ಹಾಕಿ ಮಾಡುವ ಟೊಮೇಟೊ, ತರಕಾರಿ ಸಾರು. ಅಮ್ಮನ ಹೊಟ್ಟೆಗೆ ಹಿಡಿಸಿದ್ದು ಅವೇ.

ಶೌಚಕ್ಕೆ ನೀರಿನ ಚಿಂತೆ ಬೇಡ. ಇಟಲಿಯಲ್ಲಿ ವಾಸದ ಮನೆಯ ಬಚ್ಚಲಲ್ಲಿ 'ಬಿಡೆ' ಎಂಬ, ಕೂತು ತೊಳೆದುಕೊಳ್ಳುವ ತೊಟ್ಟಿ ಇರಬೇಕೆಂದು 1975ರ ಸರ್ಕಾರಿ ಆದೇಶವೇ ಇದೆ. ಕರೆಂಟಿನ ಬಗ್ಗೆ ಎಚ್ಚರ: ಅಲ್ಲಿ ಸಾಮಾನ್ಯ ಮನೆಗೆ 3 ಕಿಲೋವಾಟ್ ಮಿತಿ. ಕೆಟಲ್ಲು, ಹೇರ್ ಡ್ರೈಯರ್ ಒಟ್ಟಿಗೆ ಬೇಡ ಎಂದು ಮೊದಲೇ ಹೇಳಿಬಿಟ್ಟರು. ರೈಸ್ ಕುಕ್ಕರ್ ತೆಗೆದುಕೊಂಡು ಹೋಗುವವರು ಕೇಳಿಯೇ ಹಚ್ಚಿ. ಬೀದಿ ಬಾಗಿಲು, ಮನೆ ಬಾಗಿಲು, ಕೋಣೆ, ಹೀಗೆ ಮೂರು ಕೀಲಿ. ಬಾಗಿಲುಗಳು ತಾವಾಗಿ ಲಾಕ್ ಆಗುತ್ತವೆ, ಕೀಲಿ ಕೈಯಲ್ಲಿಲ್ಲದೆ ಹೊರಗೆ ಕಾಲಿಡಬೇಡಿ.

ನೋಡಿದ ಜಾಗಗಳ ಪಟ್ಟಿ ಕೊಡುವುದಿಲ್ಲ. ಉಫಿತ್ಸಿ, ಅಕಾದೆಮಿಯಾ ಎಂಬ ಎರಡು ಕಲಾ ಸಂಗ್ರಹಾಲಯಗಳಿಗೂ ಸೋಮವಾರ ರಜೆ, ಟಿಕೆಟ್ ಮುಂಗಡ ತೆಗೆಯಿರಿ. ಕತೀಡ್ರಲ್ಲಿನ ಬ್ರುನೆಲೆಸ್ಕಿ ಗುಮ್ಮಟಕ್ಕೆ 463 ಮೆಟ್ಟಿಲು, ನಮ್ಮವರು ಒಬ್ಬರೇ ಹತ್ತಿದರು. ಅಮ್ಮನಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮನೆಯ ಪಕ್ಕದಲ್ಲೇ ಸಿಕ್ಕಿತು. ಸಾಂತೊ ಸ್ಪಿರಿತೊದಲ್ಲಿ ಮೈಕೆಲಾಂಜೆಲೊ ಎಳೆಯ ವಯಸ್ಸಿನಲ್ಲಿ ಕೆತ್ತಿದ್ದು ಎನ್ನಲಾಗುವ ಮರದ ಕ್ರಿಸ್ತ ಇದೆ. ಅಕಾದೆಮಿಯಾದಲ್ಲಿರುವ ಅವನ ಡೇವಿಡ್ ಶಿಲ್ಪದ ಮುಂದೆ ಜನಜಂಗುಳಿ, ಇಲ್ಲಿ ಮೂರ್ನಾಲ್ಕು ಮಂದಿ. ಅಮ್ಮ ಸುತ್ತಲೂ ನಿಧಾನವಾಗಿ ನಡೆದು, ಬೆನ್ನಿನ ಕಡೆ ನಿಂತು, 'ಹುಡುಗ ಇನ್ನೂ ಕಲೀತಿದ್ದಾನೆ ನೋಡು' ಎಂದರು. ಮಾರನೇ ದಿನವೂ ಹೋದರು. ನಡೆದೇ ಹೋಗಿ ಬರುವ ದೂರದಲ್ಲಿ ಉಳಿದದ್ದರಿಂದ ಅದು ಸಾಧ್ಯವಾಯಿತು. ಹಗಲಿಗೆ ಮೆಟ್ಟಿಲು ಎರಡು ಸಲ ಮಾತ್ರ ಹತ್ತುವ ನಿಯಮ ಮಾಡಿಕೊಂಡಿದ್ದೆವು, ಮಂಡಿ ತಡೆಯಿತು. ಮಂಡಿ ಆಪರೇಷನ್ ಆದವರು, ಉಸಿರಾಟದ ತೊಂದರೆ ಇರುವವರು ಮಾತ್ರ ಲಿಫ್ಟ್ ಇರುವ ಕಡೆಯೇ ನೋಡಿ, ಬಾಡಿಗೆ ಹೆಚ್ಚಾದರೂ ಸರಿ.

ಹೊರಡುವಾಗ ಲೆಕ್ಕ. ನಗರದ ವಸತಿ ತೆರಿಗೆ ಬುಕಿಂಗ್ ಹಣದಲ್ಲಿ ಸೇರಿರುವುದಿಲ್ಲ. ತಲೆಗೆ, ರಾತ್ರಿಗೆ ಇಷ್ಟು ಎಂದು, ಸತತ ಏಳು ರಾತ್ರಿಗಳವರೆಗೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ದರ ಉಳಿಯುವ ಜಾಗದ ದರ್ಜೆಯ ಮೇಲೆ. ಚಿಲ್ಲರೆ ನೋಟುಗಳನ್ನು ಇಟ್ಟುಕೊಂಡಿರಿ, ರಸೀದಿ ಕೇಳಿ ತೆಗೆದುಕೊಳ್ಳಿ. ಆ ರಸೀದಿ, ನೋಂದಣಿ ಪ್ರತಿ, ಬಿಲ್ಲು ಮೂರನ್ನೂ ನಾನು ಪಾಸ್‌ಪೋರ್ಟಿನ ಜೊತೆಗೇ ಇಟ್ಟಿದ್ದೇನೆ, ಮುಂದಿನ ವೀಸಾಕ್ಕೆ ಹೇಳಿದ ಕಡೆಯೇ ಉಳಿದಿದ್ದೆವು ಎಂದು ತೋರಿಸಲು. ಕೋಣೆ ಹತ್ತಕ್ಕೆ ಬಿಡಬೇಕು, ನಮ್ಮ ವಿಮಾನ ಸಂಜೆ. ಸೂಟ್‌ಕೇಸುಗಳನ್ನು ಅಲ್ಲಿವರೆಗೆ ಹಜಾರದಲ್ಲಿ ಇಟ್ಟುಕೊಂಡರು, ಆದರೆ ಅವರು ಮಧ್ಯಾಹ್ನ ಆಚೆ ಹೋಗುವ ಹೊತ್ತನ್ನು ಮೊದಲೇ ಹೇಳಿದ್ದರು. ಆ ಹೊತ್ತಿಗೆ ಸರಿಯಾಗಿ ಹೋಗಿ ತೆಗೆದುಕೊಂಡೆವು. ಅವರಿಗೆ ಅನುಕೂಲವಿಲ್ಲದಿದ್ದರೆ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದಲ್ಲಿ ದುಡ್ಡು ಕೊಟ್ಟು ಲಗೇಜ್ ಇಡುವ ಜಾಗವಿದೆ, ಟಿ2 ಟ್ರ್ಯಾಮೂ ಅಲ್ಲೇ ಪಕ್ಕದಲ್ಲಿ ಸಿಗುತ್ತದೆ.